ಇವತ್ತು ಎಷ್ಟು ಅಡಿ?

ಅಮ್ಮ ಫೋನಿನಲ್ಲಿ ಮೊದಲು ಕೇಳುತ್ತಿದ್ದುದು ಊಟ ಆಯ್ತಾ ಅಂತ ಅಲ್ಲ. "ಇವತ್ತು ಎಷ್ಟು ಅಡಿ?" ಅಂತ.

ಲಿಂಗನಮಕ್ಕಿ ಡ್ಯಾಮಿನ ನೀರಿನ ಲೆಕ್ಕ ಅದು. ಪೇಪರಿನಲ್ಲಿ ಬರುತ್ತದಲ್ಲ, ಗರಿಷ್ಠ ಮಟ್ಟ 1819 ಅಡಿ, ಇಂದಿನ ಮಟ್ಟ ಇಷ್ಟು, ಒಳಹರಿವು ಇಷ್ಟು ಅಂತ. ತುಮರಿ ಕಡೆಯ ನಮ್ಮೂರಿಗೆ ಆಗ ಪೇಪರ್ ಬರುತ್ತಿದ್ದುದು ಲಾಂಚಿನಲ್ಲಿ ಹಿನ್ನೀರು ದಾಟಿ. ಮಳೆ ಜೋರಿದ್ದರೆ ಬರುತ್ತಲೇ ಇರಲಿಲ್ಲ. ಹಾಗಾಗಿ ಬೆಂಗಳೂರಿನಲ್ಲಿರುವ ನಾನು ಬೆಳಿಗ್ಗೆ ನೋಡಿ ಹೇಳಬೇಕಿತ್ತು. ಹೇಳಿದರೆ "ಹ್ಞೂಂ" ಅನ್ನುತ್ತಿದ್ದಳು, ಅಷ್ಟೇ. ಮಳೆಗಾಲದಲ್ಲಿ ಇದನ್ನು ನಮ್ಮ ಕಡೆ ಎಲ್ಲರೂ ಕೇಳುತ್ತಾರೆ. ಅಮ್ಮ ಬೇಸಿಗೆಯಲ್ಲೂ ಕೇಳುತ್ತಿದ್ದಳು. ನೀರು ಇಳಿದರೆ ಲಾಂಚಿಗೆ ವಾಹನ ಹತ್ತಿಸುವುದನ್ನು ನಿಲ್ಲಿಸುತ್ತಾರೆ, ಅದಕ್ಕೇ ಕೇಳುತ್ತಾಳೆ ಅಂದುಕೊಂಡಿದ್ದೆ. ಸ್ವಂತ ವಾಹನ ಅಂತ ಒಂದು ಸೈಕಲ್ಲೂ ಇಲ್ಲದವಳಿಗೆ ಆ ಚಿಂತೆ ಯಾಕೆ ಅಂತ ಯೋಚಿಸಲಿಲ್ಲ.

ಅಮ್ಮ ಹುಟ್ಟಿದ ದಿನ ಯಾರಿಗೂ ಸರಿಯಾಗಿ ಗೊತ್ತಿಲ್ಲ. ಆಧಾರ್ ಕಾರ್ಡಿನಲ್ಲಿ 1951ರ ಜೂನ್ 1 ಅಂತಿದೆ. ಆ ತಲೆಮಾರಿನ ಅರ್ಧಕ್ಕರ್ಧ ಜನ ಹುಟ್ಟಿದ್ದು ಜೂನ್ 1ಕ್ಕೇ, ಶಾಲೆಯ ಮೇಷ್ಟರ ದಯೆ. ವರ್ಷ ಮಾತ್ರ ಖರೆ ಇರಬೇಕು. "ಕಾಗೋಡಿನಲ್ಲಿ ಗಲಾಟೆ ಆಯ್ತಲ್ಲ, ಆ ವರ್ಷದ ಕೂಸು ಇದು" ಅಂತ ಅವಳ ಅವ್ವ ಹೇಳುತ್ತಿದ್ದುದು ನನಗೆ ನೆನಪಿದೆ. ಗೇಣಿ ರೈತರು ಒಡೆಯರ ಎದುರು ನಿಂತದ್ದು, ಲೋಹಿಯಾ ಬಂದು ಬಂಧನಕ್ಕೊಳಗಾದದ್ದು ಎಲ್ಲ ಅದೇ 1951ರಲ್ಲಿ. ನಾನು ಹುಟ್ಟಿದ್ದು 1974ರಲ್ಲಿ, ಭೂಸುಧಾರಣೆ ಕಾನೂನು ಜಾರಿಗೆ ಬಂದ ವರ್ಷ. ಗದ್ದೆ ಮತ್ತೆ ಮಗಳು ಒಟ್ಟಿಗೇ ಬಂದವು ಅಂತ ಅಪ್ಪ ತಮಾಷೆ ಮಾಡುತ್ತಿದ್ದ. ಅಮ್ಮ ನಗುತ್ತಿರಲಿಲ್ಲ.

ನಗುತ್ತಿರಲಿಲ್ಲ ಅನ್ನುವುದು ನನ್ನ ಅಮ್ಮನ ಬಗ್ಗೆ ಮೊದಲು ಹೇಳಬೇಕಾದ ಮಾತು. ತೀರಿಕೊಂಡವರ ಬಗ್ಗೆ ಬರೆಯುವಾಗ ನಗುಮುಖದವರು ಅಂತ ಬರೆಯುವುದು ವಾಡಿಕೆ. ನಮ್ಮಮ್ಮ ಹಾಗಿರಲಿಲ್ಲ. ಕೊಟ್ಟಿಗೆ, ಗದ್ದೆ, ಒಲೆ, ಮತ್ತೆ ಕೊಟ್ಟಿಗೆ. ನಾವು ಮೂವರು ಮಕ್ಕಳು. ಹೊಡೆಯುವುದಕ್ಕೆ ಕೈಗೆ ಸಿಕ್ಕಿದ್ದು ಆಗುತ್ತಿತ್ತು, ಹೆಚ್ಚಾಗಿ ಸೌಟು. ಮಾತು ಕಡಿಮೆ. ಏನಾದರೂ ಕೇಳಿದರೆ "ಅದೆಲ್ಲ ಎಂತಕೆ ಈಗ?" ಅನ್ನುವಳು.

ಅವಳ ತವರು ಶಿವಮೊಗ್ಗದ ಆಚೆ, ಕಾಡಂಚಿನ ಒಂದು ಊರು. ಬೇಸಿಗೆ ರಜೆಗೆ ಅಲ್ಲಿಗೆ ಹೋಗುತ್ತಿದ್ದೆವು. ಅಲ್ಲಿ ನಮ್ಮ ಅಜ್ಜನ ಮನೆಯವರನ್ನು "ಮುಳುಗಡೆಯವರು" ಅಂತ ಕರೆಯುತ್ತಿದ್ದರು. ಎಷ್ಟು ಸಲ ಕೇಳಿದ್ದೆನೆಂದರೆ ಅದು ಒಂದು ಜಾತಿಯ ಹೆಸರು ಅನ್ನಿಸಿಬಿಟ್ಟಿತ್ತು. ಶರಾವತಿಗೆ ಡ್ಯಾಂ ಕಟ್ಟಿದಾಗ ಊರು ಬಿಟ್ಟವರು ಅಂತ ತಿಳಿದದ್ದು ಆಮೇಲೆ. ಯಾವ ಊರು, ಎಲ್ಲಿತ್ತು, ಏನಾಯಿತು, ಅದನ್ನು ಅಮ್ಮ ಒಂದು ದಿನವೂ ಹೇಳಲಿಲ್ಲ.

ಕೇಳಲಿಲ್ಲ ಅಂತಲ್ಲ, ಕೇಳಿದ್ದೆ. ಏಳನೇ ಕ್ಲಾಸಿನಲ್ಲಿ ಲಿಂಗನಮಕ್ಕಿ ಅಣೆಕಟ್ಟಿನ ಬಗ್ಗೆ ಪ್ರಬಂಧ ಬರೆಯಲು ಹೇಳಿದ್ದರು. ಅಮ್ಮ ರಾಗಿ ಬೀಸುತ್ತಿದ್ದಳು. ಕೇಳಿದೆ. ಬೀಸುವುದು ನಿಲ್ಲಿಸದೆ ಹೇಳಿದಳು: "ಹೊಳೆ ಇತ್ತು. ಡ್ಯಾಂ ಕಟ್ಟಿದ್ರು. ಬರಿ." ನಾನು ಪುಸ್ತಕ ನೋಡಿ, 1964ರಲ್ಲಿ ಪೂರ್ಣಗೊಂಡಿತು, ಶರಾವತಿ ವಿದ್ಯುದಾಗಾರದ ಹತ್ತು ಯಂತ್ರಗಳಿಂದ ಇಷ್ಟು ವಿದ್ಯುತ್ ಸಿಗುತ್ತದೆ, ನಾಡಿನ ಹೆಮ್ಮೆ, ಅಂತೆಲ್ಲ ಬರೆದೆ. ಹತ್ತಕ್ಕೆ ಒಂಬತ್ತು ಬಂತು. ಅದನ್ನು ಬರೆದದ್ದು ಚಿಮಣಿ ಬುಡ್ಡಿಯ ಬೆಳಕಿನಲ್ಲಿ. ನಮ್ಮ ಮನೆಗೆ ಕರೆಂಟ್ ಬರಲು ಇನ್ನೂ ಎರಡು ವರ್ಷ ಇತ್ತು. ಆ ವಿಷಯ ಪ್ರಬಂಧದಲ್ಲಿ ಬರಲಿಲ್ಲ, ಹೊಳೆದೇ ಇರಲಿಲ್ಲ.

ಅಮ್ಮನಿಗೆ ಮಾತು ಕಡಿಮೆ ಅಂದೆನಲ್ಲ, ಕೈ ಹಾಗಿರಲಿಲ್ಲ. ನಮ್ಮ ದೀವರ ಮನೆಗಳಲ್ಲಿ ಹೆಂಗಸರು ಹಸೆ ಚಿತ್ತಾರ ಬರೆಯುತ್ತಾರೆ. ಈಗ ಅದು ಪ್ರದರ್ಶನಗಳಲ್ಲಿ ಚೌಕಟ್ಟು ಹಾಕಿಸಿಕೊಂಡು ನಿಂತಿರುತ್ತದೆ, ಬೆಲೆ ನೋಡಿದರೆ ಎದೆ ಧಸಕ್ಕೆನ್ನುತ್ತದೆ. ಆಗ ಅದು ಮನೆಗೆಲಸದ ಪೈಕಿ ಇನ್ನೊಂದು. ಮದುವೆ ಇದ್ದರೆ ಗೋಡೆಗೆ ಕೆಮ್ಮಣ್ಣು ಸಾರಿಸಿ, ನೆನೆಸಿದ ಅಕ್ಕಿಯನ್ನು ನುಣ್ಣಗೆ ಅರೆದು, ಪುಂಡಿ ನಾರಿನ ಕಡ್ಡಿಯಲ್ಲಿ ಅದ್ದಿ ಎಳೆ ಎಳೆಯುವುದು. ಕಪ್ಪು ಬೇಕಾದರೆ ಅಕ್ಕಿಯನ್ನೇ ಕಪ್ಪಗೆ ಹುರಿದು ಅರೆಯುವುದು. ಹಳದಿಗೆ ಗುರಿಗೆ ಕಾಯಿ. ಆ ಹಸೆ ಗೋಡೆಯ ಮುಂದೆ ಗಂಡು ಹೆಣ್ಣನ್ನು ಕೂರಿಸುತ್ತಾರೆ. ಭೂಮಿ ಹುಣ್ಣಿಮೆಗೆ ಅದೇ ಚಿತ್ತಾರ ಬುಟ್ಟಿಯ ಮೇಲೆ ಬರುತ್ತದೆ.

ಭೂಮಿ ಹುಣ್ಣಿಮೆ ಗೊತ್ತಿಲ್ಲದವರಿಗೆ: ಗದ್ದೆಯಲ್ಲಿ ಭತ್ತ ಹೊಡೆಯಾಗುವ ಹೊತ್ತು ಅದು. ಅಂದರೆ ಭೂಮಿ ತಾಯಿ ಬಸುರಿ. ಬಸುರಿಗೆ ಬಯಕೆ ಊಟ ಹಾಕಬೇಕು, ಅಲ್ವಾ? ರಾತ್ರಿಯಿಡೀ ಅಡಿಗೆ. ಕಡುಬು, ಹೀರೆಕಾಯಿ, ಕೆಸುವಿನ ಸೊಪ್ಪು, ಅಮಟೆಕಾಯಿ, ನೂರೊಂದು ಕುಡಿ ಅಂತ ಹೆಸರಿಟ್ಟು ಬೇಲಿಯ ಸೊಪ್ಪನ್ನೆಲ್ಲ ಹಾಕಿ ಮಾಡುವ ಬೆರಕೆ. ನೂರೊಂದು ಬಗೆ ಯಾರೂ ಎಣಿಸುವುದಿಲ್ಲ ಬಿಡಿ. ಬೆಳಗಿನ ಜಾವ ಎಲ್ಲವನ್ನೂ ಚಿತ್ತಾರದ ಬುಟ್ಟಿಯಲ್ಲಿ ಹೊತ್ತು ಗದ್ದೆಗೆ ಹೋಗಿ, ಕೂಗುತ್ತಾ ಚರಗ ಬೀರುತ್ತಾರೆ.

ಬುಟ್ಟಿಗೆ ಸಗಣಿ, ಕೆಮ್ಮಣ್ಣು ಬಳಿದು ಒಣಗಿಸುವ ಹೊತ್ತಿಗೆ ಅಮ್ಮನ ಮುಖವೇ ಬೇರೆ ಆಗುತ್ತಿತ್ತು. ಉಸಿರು ಹಿಡಿದು ಎಳೆ ಎಳೆಯುತ್ತಿದ್ದಳು. ನನಗೂ ಒಂದು ಮೂಲೆ ಕೊಡುತ್ತಿದ್ದಳು. ಭತ್ತದ ಸಸಿ ವಕ್ರವಾದರೆ ಸುಮ್ಮನಿರುತ್ತಿದ್ದಳು. ಏಣಿಗೆ ಮಾತ್ರ ಬಿಡುತ್ತಿರಲಿಲ್ಲ. ಏಣಿ ಚಿತ್ತಾರದ ಒಂದು ಭಾಗ, ಬೇರೆ ಮನೆಗಳಲ್ಲಿ ಅದಕ್ಕೆ ಎಷ್ಟು ಮೆಟ್ಟಿಲು ಬೇಕಾದರೂ ಇರುತ್ತದೆ, ಜಾಗ ಇದ್ದಷ್ಟು. ನಾನು ಏಳೋ ಎಂಟೋ ಎಳೆದಿದ್ದರೆ ಅಮ್ಮ ಒದ್ದೆ ಬಟ್ಟೆಯಿಂದ ಒರೆಸಿ, "ಐದೇ" ಅನ್ನುವಳು. ಯಾಕೆ ಅಂದರೆ "ಐದೇ ಇರೋದು". ಸಿಟ್ಟು ಬಂದು ಹತ್ತನೇ ವಯಸ್ಸಿಗೆ ನಾನು ಕಡ್ಡಿ ಬಿಸಾಕಿದೆ. ಆಮೇಲೆ ಬರೆಯಲೇ ಇಲ್ಲ.

ಇನ್ನೊಂದು ಅಪರಾಧ ಹೇಳಿಬಿಡುತ್ತೇನೆ. 2011ರಲ್ಲಿ ನಾನೇ ದುಡ್ಡು ಕಳಿಸಿ ಊರ ಮನೆಗೆ ಸಿಮೆಂಟ್ ಗಾರೆ ಮಾಡಿಸಿದೆ, ಕೆನೆ ಬಣ್ಣದ ಪೈಂಟ್ ಹೊಡೆಸಿದೆ. ನನ್ನ ಮದುವೆಯ ಹಸೆ ಗೋಡೆ ಅದರಡಿ ಹೋಯಿತು. ಮಾಸಿ ಅರ್ಧ ಉದುರಿತ್ತು, ನಿಜ. ಅಮ್ಮ ಬೇಡ ಅನ್ನಲಿಲ್ಲ. ಗೋಡೆ ನೋಡಿ "ಚೊಕ್ಕ ಆಯ್ತು" ಅಂದಳು. ನಾನು ಅದನ್ನು ಮೆಚ್ಚುಗೆ ಅಂತ ತಿಳಿದು ಬೆಂಗಳೂರಿಗೆ ಹೊರಟೆ.

ಇದು ನನ್ನ ಅಮ್ಮ. ಇನ್ನು ನನ್ನ ಮಗಳ ಅಜ್ಜಿಯ ಬಗ್ಗೆ ಹೇಳುತ್ತೇನೆ. ಅವಳು ಬೇರೆಯೇ ಹೆಂಗಸು.

ಮಗಳು ಹುಟ್ಟಿದ್ದು 2005ರಲ್ಲಿ. ಬಾಣಂತನಕ್ಕೆ ಊರಿಗೆ ಹೋಗಲು ಡಾಕ್ಟರು ಬೇಡ ಅಂದದ್ದರಿಂದ ಅಮ್ಮನೇ ಬೆಂಗಳೂರಿಗೆ ಬಂದಳು. ಒಂದು ಚೀಲದಲ್ಲಿ ಬಟ್ಟೆ, ಮೂರು ಚೀಲದಲ್ಲಿ ಬೇರು, ಸೊಪ್ಪು, ಅಕ್ಕಿ. ಲಿಫ್ಟಿಗೆ ಹತ್ತಲಿಲ್ಲ, ನಾಲ್ಕನೇ ಮಹಡಿಗೆ ಐದು ತಿಂಗಳು ಮೆಟ್ಟಿಲು ಹತ್ತಿಯೇ ಓಡಾಡಿದಳು. ಕೂಸನ್ನು ಕಾಲಿನ ಮೇಲೆ ಮಲಗಿಸಿಕೊಂಡು ನೀರು ಹಾಕುವಾಗ ಒಂದು ದಿನ ಬಚ್ಚಲಿನಿಂದ ಹಾಡು ಕೇಳಿಸಿತು. ಅಮ್ಮ ಹಾಡುತ್ತಿದ್ದಳು! ಮೂವತ್ತೊಂದು ವರ್ಷದಲ್ಲಿ ನಾನು ಕೇಳಿರದ ದನಿ. ಬಾಗಿಲ ಹೊರಗೆ ನಿಂತು ಕೇಳಿದೆ. ಒಳಗೆ ಹೋಗಿದ್ದರೆ ನಿಲ್ಲಿಸಿಬಿಡುತ್ತಿದ್ದಳು.

ಆಮೇಲೆ ಪ್ರತಿ ಬೇಸಿಗೆಗೆ ಮಗಳು ಊರಿಗೆ. ಎರಡು ತಿಂಗಳು ಅಜ್ಜಿ ಮೊಮ್ಮಗಳದ್ದೇ ರಾಜ್ಯ. ನನಗೆ ಸೌಟು ತೋರಿಸಿದ ಕೈ ಅವಳಿಗೆ ಗೇರುಬೀಜ ಸುಟ್ಟು ಒಡೆದು ಬಾಯಿಗೆ ಇಡುತ್ತಿತ್ತು. ರಾತ್ರಿ ಅಂಗಳದಲ್ಲಿ ಚಾಪೆ ಹಾಕಿಕೊಂಡು ಗುಸುಗುಸು, ಕಿಸಿಕಿಸಿ. ನಾನು ಹತ್ತಿರ ಹೋದರೆ ಇಬ್ಬರೂ ಗಪ್‌ಚಿಪ್. "ಎಂತ ಮಾತಾಡ್ತಿದ್ರಿ?" ಅಂದರೆ ಅಮ್ಮ, "ಎಂತ ಇಲ್ಲ ಮಾರಾಯ್ತಿ, ಸುಮ್ನೆ." ಹೊಟ್ಟೆಕಿಚ್ಚಾಗುತ್ತಿತ್ತು. ಯಾರ ಮೇಲೆ ಅಂತ ಮಾತ್ರ ತಿಳಿಯುತ್ತಿರಲಿಲ್ಲ.

2024ರ ಮಳೆಗಾಲದಲ್ಲಿ ಅಮ್ಮ ಹೋದಳು. ಎಪ್ಪತ್ಮೂರು. ಉಬ್ಬಸ ಹಳೆಯದು, ಈ ಸಲ ಎದೆಯಲ್ಲಿ ನೀರು ತುಂಬಿಕೊಂಡಿತ್ತು. ರಾತ್ರಿ ಹೆಚ್ಚಾಯಿತು. ಲಾಂಚ್ ಸಂಜೆಗೇ ನಿಂತಿರುತ್ತಿತ್ತು. ಸುತ್ತುದಾರಿಯಲ್ಲಿ ಮರ ಬಿದ್ದಿತ್ತು. ತಮ್ಮ ಬೆಳಗಿನ ಮೊದಲ ಲಾಂಚಿಗೆ ದಾಟಿಸಿದ. ಆಸ್ಪತ್ರೆಯಲ್ಲಿ ಒಂಬತ್ತು ದಿನ ಇದ್ದಳು. ಆ ರಾತ್ರಿ ದಾಟಿಸಿದ್ದರೆ ಉಳಿಯುತ್ತಿದ್ದಳಾ? ಡಾಕ್ಟರು ಇಲ್ಲ ಅಂದರು. ತಮ್ಮ ಇನ್ನೂ ಒಪ್ಪಿಲ್ಲ. ಇದರ ಬಗ್ಗೆ ಇಷ್ಟು ಸಾಕು.

ಬೂದಿ ಬಿಡಲು ದೋಣಿಯಲ್ಲಿ ಹಿನ್ನೀರಿಗೆ ಹೋದೆವು. ನಾನು, ತಮ್ಮಂದಿರು, ಮಗಳು. ಡ್ಯಾಂ ತುಂಬುತ್ತಿತ್ತು, ಎಲ್ಲಿ ನೋಡಿದರೂ ಕೆಂಪು ನೀರು. ಸ್ವಲ್ಪ ದೂರ ಹೋಗಿ ತಮ್ಮ ಮಡಕೆ ಎತ್ತಿದ. ಅಷ್ಟರಲ್ಲಿ ಮಗಳು, "ಇಲ್ಲಲ್ಲ ಮಾವ, ಇನ್ನೂ ಮುಂದೆ" ಅಂದಳು.

ಹತ್ತೊಂಬತ್ತು ವರ್ಷದ ಹುಡುಗಿ, ಬೆಂಗಳೂರಿನಲ್ಲಿ ಕಾಲೇಜು ಓದುವವಳು. ದೋಣಿಯವನಿಗೆ ಕೈ ತೋರಿಸಿ ದಾರಿ ಹೇಳುತ್ತಿದ್ದಾಳೆ. ಆ ಕಡೆ ಗುಡ್ಡದ ಬೋಳು ಕಾಣುತ್ತಲ್ಲ, ಅದರ ನೇರಕ್ಕೆ. ಈ ಒಣಮರದ ತುದಿಗಳು ಕಾಣುತ್ತಲ್ಲ, ಅವನ್ನು ಎಡಕ್ಕೆ ಬಿಟ್ಟು. ನಮ್ಮ ಹಿನ್ನೀರಿನಲ್ಲಿ ಅರವತ್ತು ವರ್ಷದ ಹಿಂದೆ ಮುಳುಗಿದ ಮರಗಳು ಇನ್ನೂ ನಿಂತಿವೆ. ತುಂಬಿದಾಗ ತುದಿ ಮಾತ್ರ ಕಾಣುತ್ತದೆ. "ಇಲ್ಲಿ" ಅಂದಳು ಕೊನೆಗೆ. "ಇಲ್ಲಿ ಕೆಳಗೆ ಅಜ್ಜಿ ಮನೆ."

ಅಲ್ಲಿಂದ ತಿರುಗಿ ನೋಡಿದೆ. ನೀರಿನಾಚೆ ನಮ್ಮ ಮನೆಯ ಅಂಗಳ ಕಾಣುತ್ತಿತ್ತು. ಐವತ್ತೈದು ವರ್ಷ ಅಮ್ಮ ಪಾತ್ರೆ ತೊಳೆದದ್ದು, ಭತ್ತ ಒಣಗಿಸಿದ್ದು ಈ ಜಾಗಕ್ಕೆ ಮುಖ ಮಾಡಿಕೊಂಡು. ಮುಳುಗಿದ ಊರಿನ ಎದುರು ದಂಡೆಗೇ ಅವಳನ್ನು ಮದುವೆ ಮಾಡಿ ಕೊಟ್ಟಿದ್ದರು, ಮತ್ತೆ ನಮಗೆ ಅದು ಗೊತ್ತಿರಲಿಲ್ಲ.

ಆ ರಾತ್ರಿ ಮಗಳು ಹೇಳಿದಳು. ನಾನು ನನ್ನ ಅಮ್ಮನ ಬಾಲ್ಯವನ್ನು ನನ್ನ ಮಗಳ ಬಾಯಿಂದ ಕೇಳಿದೆ.

ಅಮ್ಮನಿಗೆ ಆಗ ಹನ್ನೆರಡು. ಐದನೇ ಕ್ಲಾಸು. ಮೊದಲು ಹೋದದ್ದು ಶಾಲೆ. ಮೇಷ್ಟರಿಗೆ ಬೇರೆ ಕಡೆ ವರ್ಗ ಆಯಿತು, ಮಕ್ಕಳಿಗೆ ಆಗಲಿಲ್ಲ. ಆಮೇಲೆ ಜನ ಮನೆಯ ಬಾಗಿಲು, ತೊಲೆ ಬಿಚ್ಚತೊಡಗಿದರು. ಗದ್ದೆ ಒಡೆಯರ ಹೆಸರಿನಲ್ಲಿದ್ದುದರಿಂದ ಅದರ ಪರಿಹಾರ ಇವರ ಕೈಗೆ ಬರಲಿಲ್ಲ. ಲಾರಿ ಬಂದ ದಿನ ಅಮ್ಮನ ನಾಯಿ ಹತ್ತಲಿಲ್ಲ, ಹಿಂದೆ ಓಡಿ ಬಂತು, ಒಂದು ತಿರುವಿನಲ್ಲಿ ಕಾಣೆಯಾಯಿತು. ಇಳಿಸಿದ ಜಾಗದಲ್ಲಿ ಕಾಡು ಬಿಟ್ಟು ಬೇರೆ ಏನೂ ಇರಲಿಲ್ಲ. ಶಾಲೆಯಂತೂ ಇಲ್ಲವೇ ಇಲ್ಲ. ಅಮ್ಮನ ಓದು ಐದಕ್ಕೇ ನಿಂತದ್ದು ಹಾಗೆ. ಅವಳಿಗೆ ಓದಿನಲ್ಲಿ ಮನಸ್ಸಿರಲಿಲ್ಲ ಅಂತ ನಾವೆಲ್ಲ ನಂಬಿಕೊಂಡಿದ್ದೆವು.

ಅವಳ ಅವ್ವ ಬರೆದ ಒಂದು ಹಸೆ ಗೋಡೆ ಆ ಮನೆಯಲ್ಲಿತ್ತಂತೆ. ಹಿಂದಿನ ವರ್ಷ ಚಿಕ್ಕಮ್ಮನ ಮದುವೆಗೆ ಬರೆದದ್ದು, ಇನ್ನೂ ಹೊಸದು. ಬಾಗಿಲು ಬಿಚ್ಚಿಕೊಂಡರು, ಗೋಡೆ ಬಿಚ್ಚಲು ಆಗುತ್ತದಾ? ನೀರು ಬಂದರೆ ಚಿತ್ತಾರ ಎಂತಾಗುತ್ತೆ ಅಂತ ಅಮ್ಮ ಕೇಳಿದಳಂತೆ. ಅವಳ ಅವ್ವ ಹೇಳಿದಳಂತೆ, "ಕೆಮ್ಮಣ್ಣು ಕರಗುತ್ತೆ. ಅಕ್ಕಿಹಿಟ್ಟನ್ನ ಮೀನು ತಿನ್ನುತ್ತೆ."

ನಾನು ಮಗಳ ಮಾತು ನಿಲ್ಲಿಸಿ ಎದ್ದು ಹೋಗಿ ನೀರು ಕುಡಿದೆ.

ಯಾಕೆಂದರೆ ನಮ್ಮಮ್ಮ ಹಿನ್ನೀರಿನ ಮೀನು ಮುಟ್ಟುತ್ತಿರಲಿಲ್ಲ. ಅಪ್ಪ ಬಲೆ ಹಾಕಿ ತಂದರೆ ಶುದ್ಧ ಮಾಡಿ, ಖಾರ ಅರೆದು, ಸಾರು ಮಾಡಿ ಬಡಿಸುತ್ತಿದ್ದಳು. ತಾನು ಉಪ್ಪಿನಕಾಯಿಯಲ್ಲಿ ಉಣ್ಣುತ್ತಿದ್ದಳು. ಸಮುದ್ರದ ಬಂಗಡೆ ತಂದರೆ ಮಾತ್ರ ತಿನ್ನುವಳು. "ಹೊಳೆಮೀನು ಕೆಸರು ವಾಸನೆ" ಅಂತ ಅವಳು ಹೇಳುತ್ತಿದ್ದ ಕಾರಣ. ಮೀನು ತಿನ್ನುವುದರಲ್ಲೂ ಧಿಮಾಕು ಅಂತ ಅಪ್ಪ ರೇಗಿಸುತ್ತಿದ್ದ, ನಾವೂ ನಗುತ್ತಿದ್ದೆವು. ಮೊಮ್ಮಗಳಿಗೆ ಬೇರೆ ಕಾರಣ ಹೇಳಿದ್ದಳು. "ನಮ್ಮವ್ವನ ಚಿತ್ತಾರ ತಿಂದ ಮೀನು ಕಣೆ ಕೂಸೆ, ಅದನ್ನ ಹ್ಯಾಂಗೆ ತಿನ್ನೋದು?"

ಆ ಮೇಲೆ ಅಡಿಯ ಲೆಕ್ಕ. ನೀರು 1760ರ ಹತ್ತಿರ ಬಂದರೆ ಮನೆಯ ಅಡಿಪಾಯ ಎದ್ದು ಕಾಣುತ್ತದಂತೆ. ತೀರಾ ಇಳಿದ ವರ್ಷ ಹಳೆಯ ಮಡೆನೂರು ಅಣೆಕಟ್ಟು ಎದ್ದು ಬರುತ್ತದಲ್ಲ, ಜನ ಕಾರು ಮಾಡಿಕೊಂಡು ನೋಡಲು ಹೋಗುತ್ತಾರಲ್ಲ, ಅಂಥ ವರ್ಷಗಳಲ್ಲಿ ಅಮ್ಮ ಸೌದೆ ನೆಪ ಹೇಳಿ ದೋಣಿ ಹತ್ತಿ ಒಬ್ಬಳೇ ಹೋಗಿ ಬರುತ್ತಿದ್ದಳಂತೆ. ಒಮ್ಮೆ ಮೊಮ್ಮಗಳನ್ನೂ ಕರೆದುಕೊಂಡು ಹೋಗಿದ್ದಳು. "ನಿಮ್ಮಮ್ಮಂಗೆ ಹೇಳಬೇಡ, ನೀರಿನ ಹತ್ರ ಕರ್ಕಂಡು ಹೋದೆ ಅಂತ ಬೈತಾಳೆ" ಅಂದಿದ್ದಳಂತೆ. ಬೈಯುತ್ತಿದ್ದೆ, ಅದಂತೂ ನಿಜ.

ಮುಳುಗಡೆಯವರ ಬಗ್ಗೆ ಭಾಷಣಗಳಲ್ಲಿ ಒಂದು ಮಾತು ತಪ್ಪದೆ ಬರುತ್ತದೆ: ನಾಡಿನ ಬೆಳಕಿಗಾಗಿ ತ್ಯಾಗ ಮಾಡಿದವರು. ನಾನೂ ಎಷ್ಟೋ ಸಲ ಹಾಗೇ ಹೇಳಿದ್ದೇನೆ. ಅದರ ಬಗ್ಗೆ ಅಮ್ಮನ ಅಭಿಪ್ರಾಯವೂ ಮಗಳ ಹತ್ತಿರ ಇತ್ತು. "ತ್ಯಾಗ ಅಂದ್ರೆ ನಾವೇ ಕೊಟ್ಟಿದ್ದು. ನಮ್ಮನ್ನ ಯಾರು ಕೇಳಿದ್ರು?" ಸಿಟ್ಟಿನಿಂದ ಅಲ್ಲವಂತೆ, ಹಲಸಿನ ಹಣ್ಣು ಬಿಡಿಸುತ್ತಾ ಹೇಳಿದ್ದು. ಇವತ್ತಿಗೂ ಹಕ್ಕುಪತ್ರಕ್ಕಾಗಿ ಓಡಾಡುವ ಮುಳುಗಡೆ ಕುಟುಂಬಗಳಿವೆ. ಅಮ್ಮನ ತವರಿನದೂ ಆ ಸಾಲಿನಲ್ಲೇ ಇದೆ.

ನನಗೆ ಯಾಕೆ ಹೇಳಲಿಲ್ಲ? ಈ ಪ್ರಶ್ನೆ ಒಂದು ವರ್ಷ ಕಾಡಿದೆ. ಮೊದಲು ದುಃಖಕ್ಕಿಂತ ಸಿಟ್ಟೇ ಜಾಸ್ತಿ ಇತ್ತು. ಹೆತ್ತ ಮಗಳು ನಾನು. ಆಮೇಲೆ ಲೆಕ್ಕ ಹಾಕಿದೆ. ನಾನು ಹನ್ನೆರಡು ವರ್ಷದವಳಿದ್ದಾಗ ಅವಳಿಗೆ ಮೂವತ್ತೈದು. ಬೆಳಿಗ್ಗೆ ನಾಲ್ಕಕ್ಕೆ ಏಳುವವಳು. ಈ ಕಥೆ ಹೇಳಲು ಕೂತರೆ ಮತ್ತೆ ಎದ್ದು ಹಾಲು ಕರೆಯಲು ಹೋಗುವುದು ಸಾಧ್ಯವಿತ್ತಾ? ಅರವತ್ತು ದಾಟಿದ ಮೇಲೆ ಕೂರಲು ಸಮಯ ಸಿಕ್ಕಿತು. ಪಕ್ಕದಲ್ಲಿ ಚಾಪೆಯ ಮೇಲೆ ಯಾರಿದ್ದರೋ ಅವರಿಗೆ ಹೇಳಿದಳು. ಈ ಉತ್ತರ ನನಗೆ ಅರ್ಧ ಸಮಾಧಾನ ಕೊಡುತ್ತದೆ. ಉಳಿದರ್ಧಕ್ಕೆ ಉತ್ತರ ಇಲ್ಲ.

ಹೋದ ಬೇಸಿಗೆಯಲ್ಲಿ ಮಗಳು ನನ್ನನ್ನು ಅಲ್ಲಿಗೆ ಕರೆದುಕೊಂಡು ಹೋದಳು. ನೀರು ತೀರಾ ಇಳಿದಿರಲಿಲ್ಲ. ಕೆಸರು ಒಣಗಿ ಬಿರುಕು ಬಿಟ್ಟ ದಂಡೆ, ಕಪ್ಪಾದ ಬೊಡ್ಡೆಗಳು, ಮತ್ತೆ ಕಲ್ಲಿನ ಚೌಕ. ಅದೇ ಮನೆ. ನಮ್ಮ ಫ್ಲಾಟಿನ ಹಾಲ್‌ಗಿಂತ ಸ್ವಲ್ಪ ದೊಡ್ಡದು. ಒಂದು ಬದಿಯಲ್ಲಿ ಜಂಬಿಟ್ಟಿಗೆ ಕಲ್ಲಿನ ಮೆಟ್ಟಿಲು, ನೀರಿಗೆ ಇಳಿದಿತ್ತು. ಮೂರು ಕಾಣುತ್ತಿದ್ದವು. "ಇನ್ನೆರಡು ನೀರಲ್ಲಿದಾವೆ" ಅಂದಳು ಮಗಳು. ನಾನು ಚಪ್ಪಲಿ ಬಿಟ್ಟು ಕಾಲಿನಿಂದ ತಡಕಿ ನೋಡಿದೆ. ನಾಲ್ಕನೆಯದು ಸಿಕ್ಕಿತು, ಪಾಚಿ ಕಟ್ಟಿ ಜಾರುತ್ತಿತ್ತು. ಐದನೆಯದಕ್ಕೆ ಇಳಿಯಲು ಮಗಳು ಬಿಡಲಿಲ್ಲ.

2025ರ ಜುಲೈ 14ಕ್ಕೆ ಸೇತುವೆ ಉದ್ಘಾಟನೆಯಾಯಿತು. ಅಂಬಾರಗೋಡ್ಲಿನಿಂದ ಕಳಸವಳ್ಳಿಗೆ, 2.44 ಕಿಲೋಮೀಟರ್. ಅಮ್ಮನ ವರ್ಷಾಂತಿಕಕ್ಕೆ ಅದರ ಮೇಲೆ ಕಾರಿನಲ್ಲಿ ಹೋದೆವು. ಲಾಂಚಿಗೆ ಕಾಯುತ್ತಾ ಮಂಡಕ್ಕಿ ತಿನ್ನುತ್ತಿದ್ದ ಜೀವಮಾನದ ದಾರಿ ಒಂದು ಹಾಡು ಮುಗಿಯುವುದರೊಳಗೆ ಮುಗಿಯಿತು. ತಮ್ಮ ಸ್ಟೇರಿಂಗ್ ಹಿಡಿದು ಕೂತಿದ್ದ, ಎಡಕ್ಕೂ ನೋಡಲಿಲ್ಲ ಬಲಕ್ಕೂ ನೋಡಲಿಲ್ಲ. ಯಾರೂ ಮಾತಾಡಲಿಲ್ಲ.

ಸೂತಕದ ವರ್ಷ ಹಬ್ಬ ಇರಲಿಲ್ಲ. ಈ ಸಲದ ಭೂಮಿ ಹುಣ್ಣಿಮೆಗೆ ರಜೆ ಹಾಕಿ ಊರಿಗೆ ಹೋದೆವು. ಅಟ್ಟದಿಂದ ಬುಟ್ಟಿ ಇಳಿಸಿದೆವು. ಹಳೆಯ ಚಿತ್ತಾರ ಇನ್ನೂ ಅಲ್ಲಲ್ಲಿ ಅಂಟಿಕೊಂಡಿತ್ತು. ತೊಳೆಯಲು ಮನಸ್ಸಾಗಲಿಲ್ಲ. ತಮ್ಮನ ಹೆಂಡತಿ, "ಅತ್ತೆಯೇ ಪ್ರತಿ ವರ್ಷ ತೊಳೀತಿದ್ರಲ್ಲ ಅತ್ತಿಗೆ, ಕೊಡಿ" ಅಂತ ತೆಗೆದುಕೊಂಡು ಹೋಗಿ ತೊಳೆದಳು. ಸಗಣಿ, ಕೆಮ್ಮಣ್ಣು ಬಳಿದದ್ದು ನಾನು. ಅಕ್ಕಿ ಅರೆದದ್ದು ಮಿಕ್ಸಿ. ಪುಂಡಿ ನಾರಿನ ಕಡ್ಡಿಗಳನ್ನು ಅಮ್ಮ ಒಂದು ಹಾರ್ಲಿಕ್ಸ್ ಬಾಟಲಿಯಲ್ಲಿ ಇಟ್ಟಿದ್ದಳು, ಹಾಗೇ ಇದ್ದವು.

ಮಗಳು ಒಂದು ಕಡೆಯಿಂದ ಸಸಿ ಬರೆಯುತ್ತಾ ಬಂದಳು. ಅವಳ ಕೈ ನಡುಗುವುದಿಲ್ಲ. ಏಣಿಯ ಜಾಗ ನನಗೆ ಬಿಟ್ಟಳು. ನಲವತ್ತು ವರ್ಷದ ಮೇಲೆ ಕಡ್ಡಿ ಹಿಡಿದಿದ್ದೆ. ಎರಡು ಉದ್ದ ಎಳೆ ಎಳೆದು ಅಡ್ಡಗೆರೆಗಳನ್ನು ಹಾಕುತ್ತಾ ಹೋದೆ. ಒಂದು, ಎರಡು, ಮೂರು. ಒಲೆಯ ಮೇಲೆ ಕಡುಬಿನ ಆವಿ ಬರುತ್ತಿತ್ತು, ಅತ್ತ ಒಂದು ಕಣ್ಣಿತ್ತು.

ಮಗಳು ಏನೂ ಹೇಳಲಿಲ್ಲ. ಒದ್ದೆ ಬಟ್ಟೆ ತೆಗೆದುಕೊಂಡು ಆರನೆಯದನ್ನು ಒರೆಸಿದಳು.